ಬಲಗಣ್ಣಿನ ಗುಳ್ಳೆಯೂ ಮಗಳ ಮುಂಬಾಗಿಲೂ

ನನ್ನ ಅಜ್ಜ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದರೆ ಸೇತುವೆಯೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿತ್ತು! "ಮೂರನೆಯ ತೊಲೆ ಬೆರಳಿನಷ್ಟು ಬಾಗಿದೆ" ಎಂದು ದಡದಲ್ಲಿ ನಿಂತೇ ಹೇಳಿದ. ಅಳೆದು ನೋಡಿದ ಎಂಜಿನಿಯರು ಕೈಮುಗಿದನಂತೆ. ನನ್ನ ಅಪ್ಪ ಕಳ್ಳತನದ ಕೇಸಿಗೆ ಸಾಕ್ಷಿಯಾಗಿ ಹೋದವನು, ಕಳ್ಳನನ್ನು ಬಿಟ್ಟು ನ್ಯಾಯಾಧೀಶರ ಮೇಜು ಸೊಟ್ಟಗಿದೆ ಎಂದು ಸಾಕ್ಷಿ ಹೇಳಿ ಬಂದ.

ಇಂಥ ಬಡಗಿ ವಂಶದ ಕುಡಿ ನಾನು. ಶಾಲೆಯ ಮೆಟ್ಟಿಲು ಹತ್ತಿದ್ದು ಅದರ ಕಿಟಕಿ ರಿಪೇರಿಗೆ ಮಾತ್ರ. ಅಕ್ಷರವನ್ನೂ ಮರಗೆಲಸವನ್ನೂ ನೋಡಿ ನೋಡಿಯೇ ಕಲಿತವನು. ಅಳತೆಪಟ್ಟಿ, ನೇರ ನೋಡಲು ಎಳೆದು ಕಟ್ಟುವ ನೂಲು ಇವೆಲ್ಲ ಕಣ್ಣಿಲ್ಲದವರ ಊರುಗೋಲು ಎಂಬುದು ನಮ್ಮ ಮನೆತನದ ಮಾತು.

ಅಜ್ಜ ಬಿಟ್ಟುಹೋದ ಹಲಗೆಗಳು ಅಟ್ಟದಲ್ಲಿದ್ದವು. ಸರಿಯಾಗಿ ಒಂದೇ ಒಂದು ಬಾಗಿಲಿಗಾಗುವಷ್ಟು. ಮಗಳು ಹೊಸ ಮನೆ ಕಟ್ಟಿಸಿದಾಗ ನಾನು ಘೋಷಿಸಿದೆ: "ಮುಂಬಾಗಿಲು ಆ ಮರದ್ದೇ, ನನ್ನ ಕೈಯದೇ. ಬೇರೆಯವನ ಹತ್ತರಿ ಸೋಕಿದರೆ ನಾನು ಆ ಹೊಸ್ತಿಲು ತುಳಿಯೋದಿಲ್ಲ!"

ಹಲಗೆ ಜೋಡಿಸಿ ಮುಗಿಸಿದೆ. ಅಂಚು ನಯ ಮಾಡುವುದಷ್ಟೇ ಬಾಕಿ ಇದ್ದಾಗ ಬಲಗಣ್ಣಿನ ಮೇಲ್ರೆಪ್ಪೆಯೊಳಗೆ ಬಟಾಣಿ ಸಿಕ್ಕಿಕೊಂಡ ಹಾಗೆ ಏನೋ ಒತ್ತತೊಡಗಿತು.

"ರೀ, ಕಣ್ಣು ಊದಿದೆ. ಡಾಕ್ಟರಿಗೆ ತೋರಿಸಿ," ಎಂದಳು ಹೆಂಡತಿ.

"ಧೂಳು ಕಣೇ. ಮರದ ಧೂಳು ನಮ್ಮ ವಂಶಕ್ಕೆ ಕಾಡಿಗೆ ಇದ್ದ ಹಾಗೆ!"

"ಕಾಡಿಗೆ ಗಂಟು ಕಟ್ಟುತ್ತೇನ್ರೀ?"

ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನ ಘನತೆಗೆ ಕಡಿಮೆ. ಎಡಗಣ್ಣು ಮುಚ್ಚಿ ಬಾಗಿಲಿನ ಅಂಚು ನೋಡಿದೆ. ನಡುವೆ ಹೊಟ್ಟೆ ಬಂದಿತ್ತು! ಹತ್ತರಿ ಹೊಡೆದು ಹೆರೆದೆ. ಮತ್ತೆ ನೋಡಿದೆ. ಹೊಟ್ಟೆ ಅಲ್ಲೇ ಇತ್ತು, ಉಂಡು ಮಲಗಿದ ಅಳಿಯನ ಹಾಗೆ. ಇನ್ನಷ್ಟು ಹೊಡೆದೆ. ಸಿಪ್ಪೆ ಮೊಣಕಾಲ ಮಟ್ಟಕ್ಕೆ ಬಂತು.

"ಬಾಗಿಲು ಮಾಡ್ತಿದೀರೋ, ಒಲೆಗೆ ಸೌದೆ ಮಾಡ್ತಿದೀರೋ?"

"ಮರ ಸೊಟ್ಟ. ಗೋಡೆಯೂ ಸೊಟ್ಟ. ಈಗ ನೋಡಿದರೆ ನಿನ್ನ ಬೀರುವೂ ಸೊಟ್ಟ!"

ಅವಳು ಒಳಗೆ ಹೋದಳು. ಹೊಲಿಗೆಯ ದಾರ ತಂದು ಒಂದು ತುದಿಯನ್ನು ಕಿಟಕಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಎಳೆದು ಹಿಡಿದಳು.

"ಇದು ನೆಟ್ಟಗಿದೆಯಾ?"

ಬಲಗಣ್ಣಿನಿಂದ ನೋಡಿದೆ. "ಇಲ್ಲ. ಇದೂ ಬಾಗಿದೆ."

"ಎಳೆದು ಹಿಡಿದ ದಾರ ಎಲ್ಲಾದರೂ ಬಾಗುತ್ತೇನ್ರೀ?"

ಹತ್ತರಿ ಕೆಳಗಿಟ್ಟು ಬಲಗಣ್ಣು ಮುಚ್ಚಿದೆ. ಎಡಗಣ್ಣಿನಿಂದ ನೋಡಿದೆ. ದಾರ ನೆಟ್ಟಗಿತ್ತು. ಬಾಗಿಲಿನ ಕಡೆ ನೋಡುವ ಧೈರ್ಯ ಬರಲಿಲ್ಲ.

ಕಣ್ಣಿನ ಡಾಕ್ಟರು ನನ್ನ ಮಗಳ ವಯಸ್ಸಿನವಳು. ರೆಪ್ಪೆಯನ್ನು ಮೆಲ್ಲಗೆ ಮಗುಚಿ ನೋಡಿದಳು.

"ರೆಪ್ಪೇಲಿ ಎಣ್ಣೆ ಬರೋ ಸಣ್ಣ ಸಣ್ಣ ಗ್ರಂಥಿ ಇರ್ತವೆ, ಯಜಮಾನ್ರೇ. ಒಂದರ ಬಾಯಿ ಕಟ್ಟಿಕೊಂಡು ಎಣ್ಣೆ ಒಳಗೇ ಗಟ್ಟಿಯಾಗಿದೆ. ಆ ಗುಳ್ಳೆ ಕಣ್ಣುಗುಡ್ಡೆ ಒತ್ತಿ ನೋಟ ಕೆಡಿಸಿದೆ."

"ಅಂದ್ರೆ, ಅಂಟಿನ ಬಾಟಲಿ ಮೂತಿ ಕಟ್ಟಿಕೊಂಡ ಹಾಗೆ?"

"ಹಾಗೇ! ಆಗ ನೀವೇನು ಮಾಡ್ತೀರಿ?"

"ಬಿಸಿನೀರಲ್ಲಿ ಇಡ್ತೀನಿ."

"ಹಿಂಡಿದರೆ?"

"ಬಾಟಲಿ ಒಡೆಯುತ್ತೆ."

"ಇದಕ್ಕೂ ಅದೇ ಮದ್ದು. ಉಗುರುಬೆಚ್ಚನೆ ನೀರಲ್ಲಿ ಶುಭ್ರ ಬಟ್ಟೆ ಅದ್ದಿ, ದಿನಕ್ಕೆ ಮೂರ್ನಾಲ್ಕು ಸಲ, ಹತ್ತು ನಿಮಿಷ ಶಾಖ ಕೊಡಿ. ಆಮೇಲೆ ಮೆತ್ತಗೆ ನೀವಿ. ಹಿಂಡಬೇಡಿ. ಕರಗೋಕೆ ವಾರಗಟ್ಟಲೆ ಹಿಡೀಬಹುದು. ಕರಗದಿದ್ದರೆ ಬನ್ನಿ, ಸಣ್ಣದಾಗಿ ಕುಯ್ದು ತೆಗೀತೀನಿ."

ಕಣ್ಣಿಗೆ ಮದ್ದು ಸಿಕ್ಕಿತು; ಬಾಗಿಲಿಗೆ? ಮಗಳ ಮನೆಯ ಚೌಕಟ್ಟಿಗೆ ಕೂರಿಸಿದೆವು. ಹೆರೆದು ಹೆರೆದು ಕಿರಿದಾದ ಬಾಗಿಲಿನ ಚಿಲಕ ಚೌಕಟ್ಟನ್ನು ಮುಟ್ಟಲೇ ಇಲ್ಲ. ಒಳಗಿನಿಂದ ಮಗಳ ದನಿ ಬಂತು:

"ಅಪ್ಪಾ, ಬಾಗಿಲು ಹಾಕಿದ ಮೇಲೂ ನಿಮ್ಮ ಮೀಸೆ ಪೂರ್ತಿ ಕಾಣ್ತಿದೆ! ಬೇರೆ ಬಡಗೀನ ಕರೆಸಿ ಸಂದಿಗೆ ಮರದ ಪಟ್ಟಿ ಕೂರಿಸಲಾ?"

ಕರೆಸಿದರೆ ಹೊಸ್ತಿಲು ತುಳಿಯುವಂತಿಲ್ಲ, ಆಡಿದ ಮಾತಿತ್ತಲ್ಲ! ಅಜ್ಜನ ಹಲಗೆ ಮುಗಿದಿತ್ತು. ಅದೇ ಜಾತಿಯ ಮರ ಉಳಿದಿದ್ದದ್ದು ನನ್ನ ಮಂಚದಲ್ಲಿ ಮಾತ್ರ. ಅದರ ಪಕ್ಕದ ಪಟ್ಟಿಯನ್ನೇ ಬಿಚ್ಚಿದೆ. ಈಗ ನಾನು ಮಲಗುವುದು ನೆಲದ ಮೇಲೆ. ನೆಲವಂತೂ ನೆಟ್ಟಗಿದೆ.

ಒಂದು ಕೈಯಲ್ಲಿ ಕಣ್ಣಿಗೆ ಬಿಸಿ ಬಟ್ಟೆ ಒತ್ತಿಕೊಂಡು ಪಟ್ಟಿಯ ಮುಂದೆ ಕುಳಿತಿದ್ದೆ. ಹೆಂಡತಿ ಬಂದು ನಿಂತಳು.

"ನೂಲಿನ ಆ ತುದಿ ನಾನು ಹಿಡೀಲಾ?"

"ಬೇಡ," ಎಂದೆ ಗಂಭೀರವಾಗಿ. "ಬಾಗಿಲು ಮಾಡೋಕೆ ನಮ್ಮ ವಂಶದವರಿಗೆ ಇನ್ನೊಬ್ಬರ ಸಹಾಯ ಬೇಕಾಗಿಲ್ಲ ಕಣೇ. ಆ ತುದಿಗೆ ಮೊಳೆ ಹೊಡೆದಿದೀನಿ!"