ತಪ್ಪಿಲ್ಲವೆಂದು ತಿರುಗಿ ಬಂದ ಹನ್ನೆರಡು ಸೀರೆಗಳು

ಸಮುದ್ರದಾಚೆಯ ಗೋಡೆಗಳಿಗೆ ಸೀರೆ ತೂಗುಹಾಕುವ ಕಂಪನಿಯ ಗುಣಮಟ್ಟ ಪರೀಕ್ಷಕರಾದ ಮಾನ್ಯರೇ,

ವಿಲಾಯತಿಯ ಮೂರು ರಾಜಮನೆತನಗಳಿಗೆ ನಿರಿಗೆ ಹಿಡಿಯುವುದನ್ನು ಅಂಚೆಯಲ್ಲೇ ಕಲಿಸಿಕೊಟ್ಟ ಗಜೇಂದ್ರಗಡದ ವೀರಪ್ಪ, ಅಂದರೆ ನಾನು, ತಮಗೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದೂ, ತಮ್ಮ ಗೋಡೆಗಳು ಚಳಿಗೆ ನಡುಗುತ್ತಿಲ್ಲವೆಂದೂ ನಂಬಿದ್ದೇನೆ.

ತಾವು ತಿರುಗಿ ಕಳಿಸಿದ ಹನ್ನೆರಡು ಕೈಮಗ್ಗದ ಸೀರೆಗಳು ಸುಖವಾಗಿ ತಲುಪಿದವು. ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನು ನಾನೇ ಓದಬಲ್ಲೆನಾದರೂ, ಕನ್ನಡಕ ಸಿಗದ ಕಾರಣ ಅಣ್ಣನ ಮಗಳು ಶೈಲಶ್ರೀ ಓದಿದಳು: ಅಂಚು ಬಹಳ ನೆಟ್ಟಗಿದೆ, ಎಳೆಗಳು ಬಹಳ ಸಮವಾಗಿವೆ, ಎಲ್ಲಿಯೂ ಒಂದು ತಪ್ಪಿಲ್ಲ, ಆದ್ದರಿಂದ ಇವು ಕೈಯಿಂದ ನೇಯ್ದವಲ್ಲ. ಎಂಥ ದಿವ್ಯದೃಷ್ಟಿ! ಮೊದಲು ತಮ್ಮ ಕಡೆಯವರೇ ಯಂತ್ರ ಕಳಿಸಿ, ಬಟ್ಟೆಯೆಂದರೆ ಹೀಗೆ ನೆಟ್ಟಗಿರಬೇಕೆಂದು ನಮ್ಮನ್ನು ನಾಚಿಸಿದರು. ನಾವು ಯಂತ್ರವನ್ನೂ ನಾಚಿಸುವಷ್ಟು ನೆಟ್ಟಗೆ ನೇಯುವ ಹೊತ್ತಿಗೆ, ತಮಗೆ ನೆಟ್ಟಗಿನದು ಬೇಸರವಾಗಿ ಸೊಟ್ಟಗಿನದರ ಮೇಲೆ ಮನಸ್ಸಾಗಿದೆ.

ಚೀಟಿ ಕೇಳಿದ ನನ್ನ ಹೆಂಡತಿ ಅನ್ನಪೂರ್ಣ ಲಾಳಿ ಕೆಳಗಿಟ್ಟಳು. ಮೂವತ್ತು ವರ್ಷದಲ್ಲಿ ಆಕೆ ಸೀರೆ ಅರ್ಧಕ್ಕಿರುವಾಗ ಲಾಳಿ ಕೆಳಗಿಟ್ಟದ್ದು ಅಂದೇ. “ಹಂಗಾರ ಇವು ಕೈ ಅಲ್ಲೇನ್ರಿ?” ಎಂದು ಎರಡೂ ಅಂಗೈ ಹೊರಳಿಸಿ ನೋಡಿಕೊಂಡಳು. ಮಗ್ಗ ರಿಪೇರಿಗೆ ಬಂದಿದ್ದ ಗೌಸುಸಾಬ ಮಾತ್ರ, “ವೈನಿ, ಅವರಿಗೆ ತಪ್ಪ ಬೇಕಂದ್ರ ವೀರಪ್ಪಣ್ಣನ್ನ ಕುಂದರಸ್ರಿ, ಗಜಕ್ಕ ಇಪ್ಪತ್ತ ಹಾಕ್ತಾನ” ಎಂದು ನಕ್ಕ.

ಅವನು ನಕ್ಕದ್ದಕ್ಕೆ ಕಾರಣವಿದೆ. ಆರ್ಡರಿಗೆ ಮೊದಲು ತಮಗೆ ಕಳಿಸಿದ ಅನ್ನಪೂರ್ಣಳ ನಮೂನೆಯ ಸೀರೆಗೆ ಧೂಳು ಹತ್ತದಿರಲೆಂದು ನಾನು ಸುತ್ತಿ ಕಳಿಸಿದ್ದ ಹಳೆಯ ತುಂಡನ್ನೇ ತಾವು ನಮೂನೆಯೆಂದು ತಿಳಿದು, ಅದರಲ್ಲಿ ಕೈಯ ಆತ್ಮ ಮಿಡಿಯುತ್ತಿದೆಯೆಂದು ಬರೆದಿರಿ. ಅದು ನಾನು ನೇಯ್ದದ್ದು. ಮನೆಯಲ್ಲಿ ಮಗ್ಗ ಒರೆಸಲು ಬಳಸುತ್ತಿದ್ದರು. ತಮ್ಮ ಹೊಗಳಿಕೆಯನ್ನು ರೋಣ, ನರಗುಂದಗಳವರೆಗೆ ಬಸ್ಸಿನಲ್ಲಿ ಹೋಗಿ ಹೇಳಿಬಂದೆನಾದರೂ, ಪರದೇಶಕ್ಕೆ ಹೋಗುವ ಮಾಲು ಚಲೋ ಇರಲೆಂದು ಹನ್ನೆರಡನ್ನೂ ಆಕೆಯಿಂದಲೇ ನೇಯಿಸಿದೆ. ಇದೇ ನನ್ನ ಅಪರಾಧ.

ಈಗ ಬೇಕೆಂದೇ ತಪ್ಪು ಹಾಕು ಎಂದರೆ ಆಕೆ ಎಳೆ ಹರಿಯುತ್ತಾಳೆ. ಬೆರಳು ಕೇಳದೆ ಅದಕ್ಕೆ ಗಂಟು ಹಾಕಿಬಿಡುತ್ತದೆ. ಆದ್ದರಿಂದ ತಮ್ಮಲ್ಲಿಯ ನುರಿತ ತಪ್ಪುಗಾರರೊಬ್ಬರನ್ನು ತರಬೇತಿಗೆ ಕಳಿಸಬೇಕು. ಹೊಳೆಆಲೂರು ಸ್ಟೇಶನ್ನಿಗೆ ನಾನೇ ಬಂದು ಕರೆದೊಯ್ಯುವೆ. ಅವರು ಒಂದು ದಿನ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತೆದ್ದ ಮೇಲೆ, ಅನ್ನಪೂರ್ಣಳಿಗಿರುವುದು ಕೈಯೇ ಎಂದು ಸಹಿ, ಶಿಕ್ಕೆ ಸಮೇತ ಒಂದು ಸಾಲು ಬರೆದುಕೊಡಬೇಕು. ಅದು ಬರುವ ತನಕ ನನಗೆ ಚಹಾ ಇಲ್ಲ. “ಮಷೀನಿಗೆ ಚಾ ಮಾಡಾಕ ಬರೂದಿಲ್ರಿ” ಎಂದಿದ್ದಾಳೆ.

ಚಹಾದ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ವೀರಪ್ಪ

ತಾ.ಕ.: ಎರಡು ಲಕ್ಷ ಮುಳುಗಿತೆಂದು ಊರಲ್ಲಿ ಹೇಳಿದ್ದೇನೆ, ಯಾರಾದರೂ ಕೇಳಿದರೆ ತಾವೂ ಹಾಗೆಯೇ ಹೇಳಿರಿ. ಖರೇ ಅಂದರೆ, ಹನ್ನೆರಡೂ ಸೀರೆಗಳನ್ನು ಸೂಡಿಯ ಮದುವೆಮನೆಯವರು ಒಂದೇ ಮಧ್ಯಾಹ್ನ ಪೂರ್ತಿ ಬೆಲೆಗೆ ಒಯ್ದರು. ಪಾಪ, ಅವರಿಗೆ ತಿಳಿಯದು, ಉಡಲಿಕ್ಕೆ ಒಯ್ದರು. ನಾನು ಕಳೆದುಕೊಂಡದ್ದು, ನನ್ನ ಪಾಲಿನ ಕೊರಿಯರ್ ಖರ್ಚು ಮತ್ತು ತಮ್ಮ ಹೊಗಳಿಕೆ ಹೇಳಲು ಹೋದ ಬಸ್ಸಿನ ಚಾರ್ಜು ಸೇರಿ, ಎರಡು ಸಾವಿರದ ಮುನ್ನೂರ ನಲವತ್ತು ರೂಪಾಯಿ.