ಆಂಟೆನಾಕ್ಕೆ ಬೆಳ್ಳಿ ಕವಚ

ಈ ಸಲ ಮಳೆರಾಯನಿಗೇ ನೀರು ಕುಡಿಸುತ್ತೇನೆಂದು, ಬೆಳ್ಳಿ ಕೆಲಸಕ್ಕೆ ಹೆಸರಾದ ಹುಪರಿ ಊರಿನ ಅವಧೂತ ಮೀಸೆ ತಿರುವಿದ! ಕಸುಬು ಮನೆಯಲ್ಲೇ ಕೂತು ಬೆಳ್ಳಿ ಕಾಲ್ಗೆಜ್ಜೆ ಮಾಡುವುದು. ಹುಚ್ಚು ಮಾತ್ರ ಮನೆಯಿಂದಲೇ ದೂರದೂರಿನವರೊಂದಿಗೆ ಮಾತಾಡುವ ಹ್ಯಾಮ್ ರೇಡಿಯೋದ್ದು. ಪ್ರತಿ ವರ್ಷ ಮೊದಲ ಮಳೆಗೇ ಮಾಳಿಗೆಯ ಮೇಲಿನ ಆಂಟೆನಾ ತಂತಿಯ ಕೂಡಿಕೆಗೆ ನೀರಿಳಿದು, ತಾಮ್ರ ಹಸಿರುಗಟ್ಟಿ, ರೇಡಿಯೋದಲ್ಲಿ ಬರೀ ಒಗ್ಗರಣೆಯ ಸದ್ದು.

"ಟೇಪು ಗೀಪು ಬ್ಯಾರೆ ಮಂದಿಗೆ! ನಾವು ಹುಪರಿಯವ್ರು!" ಎಂದವನೇ ಕೂಡಿಕೆಗೆ ಅಪ್ಪಟ ಬೆಳ್ಳಿಯ ಕವಚ ತೊಡಿಸಿ, ಒಳಗೆ ಅರಗು ತುಂಬಿದ.

ಭಾನುವಾರ ಹ್ಯಾಮ್ ಗೆಳೆಯರೆಲ್ಲ ರೇಡಿಯೋದಲ್ಲಿ ಕೂಡಿದಾಗ ಸುಮ್ಮನಿರಬೇಕೋ ಬೇಡವೋ! "ಕವಚ ದೇವರಿಗಷ್ಟ ಅಲ್ರಪಾ, ನಮ್ಮ ಆಂಟೆನಾಕ್ಕೂ ಐತಿ. ಬೆಳ್ಳೀದು!" ಎಂದು ಮೆರೆದ.

ಗೆಜ್ಜೆ ಪೋಣಿಸುತ್ತಿದ್ದ ಹೆಂಡತಿ ಸರಿತಾ ತಲೆಯೆತ್ತಿದಳು. "ಇದನ್ನ ಎಷ್ಟ ಮಂದಿ ಕೇಳ್ತಾರ್ರೀ?"

"ರೇಡಿಯೋ ಇದ್ದವ್ರೆಲ್ಲಾ! ಗಡಹಿಂಗ್ಲಜ, ಕೊಲ್ಹಾಪುರ, ಅತ್ಲಾಗ ಪುಣೆ ತನಕಾ!"

"ಅಂದ್ರ ನಮ್ಮ ಮಾಳಿಗಿ ಮ್ಯಾಲ ಬೆಳ್ಳಿ ಐತಿ ಅಂತ ಊರೆಲ್ಲಾ ಡಂಗುರ ಹೊಡದ್ರಿ."

ಅವಧೂತ ಆಗಲೇ ಎದ್ದು ಮಾಳಿಗೆ ಹತ್ತಿ ಕವಚ ನೋಡಿ ಬಂದ.

ಅಂದಿನಿಂದ ಅನುಮಾನದ ಭೂತ ಹೆಗಲೇರಿತು. ಪಕ್ಕದ ಮುಕ್ತಾಬಾಯಿ ಮಾಳಿಗೆಯಲ್ಲಿ ಮೆಣಸಿನಕಾಯಿ ಹರವಿದಳು. ಮಳೆಗಾಲದಲ್ಲಿ ಯಾರಾದರೂ ಮೆಣಸಿನಕಾಯಿ ಒಣಗಿಸುತ್ತಾರೆಯೇ? ಗಡಹಿಂಗ್ಲಜದ ಜೀವದ ಗೆಳೆಯ ಅಮೋಲ "ಕವಚ ಎಷ್ಟ ದಪ್ಪ ಐತೋ ಮಾರಾಯಾ?" ಎಂದು ಕೇಳಿದ. ತೂಕದ ಅಂದಾಜು ಹಾಕುತ್ತಿದ್ದಾನೆ, ಬೆರಕಿ! ಕವಚ ಕಾಣದಂತೆ ಅವಧೂತ ಗೋಣಿಚೀಲ ಸುತ್ತಿದ. ಎರಡು ದಿನ ಬಿಟ್ಟು ಅದರ ಮೇಲೆ ಮತ್ತೊಂದು. ಸಾಲದೆಂದು, ಕಳ್ಳ ಮುಟ್ಟಿದರೆ ಗೊತ್ತಾಗಲಿ ಎಂದು ತಂತಿಗೆ ಎತ್ತಿನ ಗೆಜ್ಜೆ ಕಟ್ಟಿದ. ಕಳ್ಳ ಮುಟ್ಟಲಿಲ್ಲ, ಗಾಳಿ ಮುಟ್ಟಿತು! ಅನ್ನದ ತುತ್ತು ಕೈಯಲ್ಲಿರುವಾಗಲೇ ಕೋಲು ಹಿಡಿದು ಮಾಳಿಗೆಗೆ ಓಡುವುದೇ ಅವನ ದಿನಚರಿಯಾಯಿತು.

ಕಡೆಗೆ ನೆನೆದ ಚೀಲಗಳ ಭಾರಕ್ಕೆ ತಂತಿ ಫಟ್ಟನೆ ಹರಿದು ಬಿತ್ತು. ಆ ಭಾನುವಾರ ಗೆಳೆಯನ ದನಿ ಕೇಳದೆ ಗಾಬರಿಯಾದ ಅಮೋಲ ಮಳೆಯಲ್ಲೇ ಬೈಕ್ ಹತ್ತಿ ಬಂದ. ಇಬ್ಬರೂ ಸೇರಿ ಚೀಲ ಬಿಚ್ಚಿದರೆ ಒಳಗೆ ಔಷಧದ ಪ್ಲಾಸ್ಟಿಕ್ ಬಾಟಲಿಯ ತುಂಡು! ಕವಚ ಮಾಯ!

"ದಪ್ಪ ಎಷ್ಟಂತ ಕೇಳಿದಾವ ನೀನ!" ಅವಧೂತ ಬೆರಳು ತೋರಿಸಿ ಚೀರಿದ.

ಅಮೋಲನ ಮುಖ ಸಪ್ಪಗಾಯಿತು. "ಸಣ್ಣಾಂವಿದ್ದಾಗಿಂದ ದೋಸ್ತಿ. ನನ್ನ ಕಳ್ಳ ಅಂದಿ. ಆತು ಬಿಡು, ಹೊಕ್ಕೇನಿ," ಎಂದು ಹೆಲ್ಮೆಟ್ ಎತ್ತಿಕೊಂಡ.

"ನಿಲ್ರಿ ಭಾವೂಜಿ, ಕಳ್ಳಿ ನಾನ," ಎಂದು ಸರಿತಾ ಚಹಾ ಹಿಡಿದುಕೊಂಡೇ ಬಂದಳು. "ಇವ್ರು ಮೊದಲನೇ ಚೀಲ ಸುತ್ತಿ ಮರುದಿನ ಬಜಾರಕ್ಕ ಹೋದ್ರಲ್ಲಾ, ಆವಾಗ ಅರಗು ಕಾಸಿ ಕವಚ ಬಿಚ್ಚೇನಿ. ಬಾಟ್ಲಿ ಕತ್ತರಿಸಿ ಹಾಕಿ, ನೀರ ಹೋಗಾಕ ತಳಕ್ಕೊಂದ ತೂತ ಮಾಡೇನಿ. ಅದು ಚಲೋನ ಇತ್ತು. ಹರದದ್ದು ಇವರ ಚೀಲಕ್ಕ!"

ಅಮೋಲ ಹೊಟ್ಟೆ ಹಿಡಿದುಕೊಂಡು ನಕ್ಕು ಹೆಲ್ಮೆಟ್ ಕೆಳಗಿಟ್ಟ. ನಾಚಿಕೆಯಿಂದ ಅವಧೂತ ಭೂಮಿಗಿಳಿದುಹೋದ. "ತಪ್ಪಾತೋ ದೋಸ್ತಾ," ಎಂದು ಅವನ ಕೈ ಹಿಡಿದ. ಆದರೂ ಹುಟ್ಟುಗುಣ ಬಿಡಬೇಕಲ್ಲ! ಹೆಂಡತಿಯತ್ತ ಕಣ್ಣು ಕಿರಿದು ಮಾಡಿದ.

"ಹಂಗಾರ ಬೆಳ್ಳಿ ಎಲ್ಲಿ ಬಚ್ಚಿಟ್ಟಿ?"

ಸರಿತಾ ಸೀರೆಯ ನೆರಿಗೆ ತುಸು ಎತ್ತಿ ಪಾದ ಮುಂದಿಟ್ಟಳು. ಬೆರಳುಗಳಲ್ಲಿ ಹೊಸ ಕಾಲುಂಗುರಗಳು ಥಳಥಳಿಸುತ್ತಿದ್ದವು.

"ಬಚ್ಚಿಡೂದ್ಯಾಕ್ರಿ? ತಿಂಗಳಾತು, ಹಾಕ್ಕೊಂಡು ನಿಮ್ಮ ಮುಂದನ ತಿರಗಾಡಾಕತ್ತೇನಿ. ಇಡೀ ಊರಿನ ಮ್ಯಾಲ ಕಣ್ಣಿಟ್ಟಿರಿ, ಹೆಂಡ್ತಿ ಕಡೆ ಒಮ್ಮೆರೆ ನೋಡಿದ್ರೇನು?"