ದೊಡ್ಡಮ್ಮನ ಸೋಬಾನೆಯೂ ನನ್ನ ಸ್ಟುಡಿಯೋವೂ

ನಮ್ಮ ಮನೆಗೆ ನೆಂಟರು ಬಂದರೆ ಏನೂ ಆಗುವುದಿಲ್ಲ. ಉಂಡು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಾರೆ. ಹಾಡುವ ಯಂತ್ರವೊಂದು ಬಂತೆಂದರೆ ಮಾತ್ರ ಏನಾದರೊಂದು ರಾಮಾಯಣ ಆಗದೆ ಇರುವುದಿಲ್ಲ. ನಾನು ಹಾಸನದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ನಮ್ಮ ಬೀದಿಯಲ್ಲಿ ಮೊದಲು ಸಿಡಿ ಕೇಳಿದವನು ನಾನು, ಮೊದಲು ಎಂಪಿತ್ರೀ ಕೇಳಿದವನೂ ನಾನೇ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ.

ಈ ಹುಚ್ಚಿನ ಹಿಂದೆ ಒಂದೇ ಒಂದು ಆಸೆ ಇತ್ತು. ಅರಕಲಗೂಡಿನ ಕಡೆಯ ನಮ್ಮೂರಲ್ಲಿ ನನ್ನ ದೊಡ್ಡಮ್ಮ ಇದ್ದಳು. ಸುತ್ತಿನ ಊರುಗಳಲ್ಲಿ ಮದುವೆ ಅಂದರೆ ಸೋಬಾನೆ ಪದ ಹೇಳಲು ಅವಳೇ ಬೇಕು. ನನ್ನ ಮದುವೆಯಲ್ಲೂ ಹೇಳಿದ್ದಳು. ಆದರೆ ಆವತ್ತಿನ ಕ್ಯಾಸೆಟ್ ಹಾಕಿ ಕೇಳಿದರೆ ಬರೀ ಮೈಕ್‌ಸೆಟ್ಟಿನವನ ಸಿನಿಮಾ ಹಾಡು, ಅದರ ಅಡಿಯಲ್ಲಿ ಎಲ್ಲೋ ಬಾವಿಯೊಳಗಿಂದ ಕೂಗಿದಂತೆ ದೊಡ್ಡಮ್ಮ. ಅವಳ ದನಿ ಗಟ್ಟಿಯಾಗಿರುವಾಗಲೇ ಆ ಪದಗಳನ್ನು ಚೊಕ್ಕವಾಗಿ ಹಿಡಿದಿಡಬೇಕು ಅಂತ ಅದನ್ನು ಕೇಳಿದ ದಿನವೇ ತೀರ್ಮಾನ ಮಾಡಿದ್ದೆ.

ಬಸ್ಸಿನಲ್ಲಿ ತುಳುಕಿದ್ದು

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ದುಬೈಯಿಂದ ರಜಕ್ಕೆ ಬಂದ ಸ್ನೇಹಿತನೊಬ್ಬನ ಕೈಯಿಂದ ನನಗೊಂದು ಸಿಡಿ ಪ್ಲೇಯರ್ ಬಂತು. ಜೊತೆಯಲ್ಲೇ ಒಯ್ಯುವಂಥದ್ದು, ಅಕ್ಕಿರೊಟ್ಟಿಯಷ್ಟು ಅಗಲ. ಅದನ್ನು ದೊಡ್ಡಮ್ಮನಿಗೆ ತೋರಿಸಲು ಹಾಸನದಲ್ಲಿ ಅರಕಲಗೂಡಿನ ಬಸ್ಸು ಹತ್ತಿದೆ. ಬಸ್ಸು ಒಂದು ಗುಂಡಿಗೆ ಇಳಿದರೆ ಹಾಡು ಎರಡು ಸಾಲು ನೆಗೆಯುತ್ತಿತ್ತು. ಕೊನೆಗೆ ನಾನು ಎದ್ದು ನಿಂತೆ. ಎರಡೂ ಅಂಗೈ ಮೇಲೆ ಪ್ಲೇಯರನ್ನು ಮಲಗಿಸಿಕೊಂಡು, ಗುಂಡಿ ಬಂದಾಗ ಮೊಣಕಾಲು ಬಗ್ಗಿಸುತ್ತ, ಉಸಿರು ಬಿಗಿ ಹಿಡಿದು ಸಮತೋಲ ಮಾಡತೊಡಗಿದೆ.

ಇದನ್ನು ನೋಡಿದ ಒಬ್ಬ ಅಜ್ಜಿ ಗದರಿಸಿದಳು: "ಅಯ್ಯೋ, ಮೇಷ್ಟ್ರು ಅಷ್ಟು ಜ್ವಾಪಾನವಾಗಿ ಏನೋ ಇಡ್ಕಂಡವ್ರೆ, ಒಸಿ ಜಾಗ ಬುಡ್ರಲಾ!"

ಜನ ಸರಿದರು. ಕಂಡಕ್ಟರ್ ಮುಂದಕ್ಕೆ ಕೂಗಿದ: "ಮೆಲ್ಲಗೆ ಓಡ್ಸಣ್ಣ! ಸಾಹೇಬ್ರು ಕೈಲಿ ಏನೋ ತುಳುಕ್ತೈತೆ!"

ಡ್ರೈವರ್ ಪಾಪ, ಅಲ್ಲಿಂದ ಮುಂದೆ ಎತ್ತಿನ ಗಾಡಿ ಹೊಡೆದಂತೆ ಹೊಡೆದ. ಇಳಿಯುವಾಗ ಕಂಡಕ್ಟರ್ ಬಹಳ ಕಾಳಜಿಯಿಂದ ಕೇಳಿದ: "ಏನೂ ಚೆಲ್ಲಿಲ್ಲ ತಾನೆ ಸಾ?"

"ಒಂದು ಚರಣ ಚೆಲ್ಲಿತು, ಪಲ್ಲವಿ ಉಳೀತು" ಅಂದೆ. ಅವನು ಬಸ್ಸಿನ ಮೆಟ್ಟಿಲನ್ನೊಮ್ಮೆ ಬಗ್ಗಿ ನೋಡಿ ಸೀಟಿ ಊದಿದ.

ಗೋಡೆ ತಿನ್ನುವ ಮೊಟ್ಟೆ

ಎರಡು ಸಾವಿರದ ಇಸವಿ ಕಳೆದ ಮೇಲೆ ಕಂಪ್ಯೂಟರ್ ತಂದೆ, ಒಂದು ಒಳ್ಳೆಯ ಮೈಕು ತಂದೆ. ಮನೆಯ ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡುವುದೆಂದು ನಿಶ್ಚಯಿಸಿದೆ. ಬರಿಯ ಗೋಡೆ ದನಿಯನ್ನು ವಾಪಸು ಎಸೆಯುತ್ತದೆ. ಮೊಟ್ಟೆಯ ಟ್ರೇಗಳನ್ನು ಅಂಟಿಸಿದರೆ ಪ್ರತಿಧ್ವನಿ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಸಂತೆಪೇಟೆಯ ಮೊಟ್ಟೆ ಅಂಗಡಿಯಿಂದ ದಿನವೂ ಸ್ಕೂಟರಿನ ಹಿಂದೆ ಖಾಲಿ ಟ್ರೇಗಳ ಗೋಪುರ ಕಟ್ಟಿಕೊಂಡು ಬರತೊಡಗಿದೆ.

ನಮ್ಮ ಪಕ್ಕದ ಮನೆಯವರು ಹೊಳೆನರಸೀಪುರದ ಹಳೆಯ ಅಗ್ರಹಾರದ ಮನೆತನದವರು, ನಿವೃತ್ತ ಶಿರಸ್ತೇದಾರರು. ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು. ವಾರವೆಲ್ಲ ನೋಡಿ ನೋಡಿ, ಕೊನೆಗೊಂದು ಸಂಜೆ ಕಾಂಪೌಂಡಿನ ಹತ್ತಿರ ನನ್ನನ್ನು ಕರೆದು ದನಿ ತಗ್ಗಿಸಿ ಕೇಳಿದರು:

"ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದು ಡಾಕ್ಟರು ಹೇಳಿ ತಿಂತಿರೋದೋ, ಇಲ್ಲಾ ನೀವಾಗೇ ತಿಂತಿರೋದೋ?"

"ಅಯ್ಯೋ, ನಾವು ತಿನ್ನೋಕಲ್ಲ ಸ್ವಾಮಿ, ಗೋಡೆಗೆ!"

ಅವರು ನನ್ನ ಮುಖ ನೋಡಿದರು, ಗೋಡೆ ನೋಡಿದರು, ಒಳಗೆ ಹೋದರು. ಮಾರನೆಯ ದಿನ ಅವರ ಹೆಂಡತಿ ನನ್ನ ಹೆಂಡತಿಯನ್ನು ಹಿತ್ತಿಲಿಗೆ ಕರೆದು, ತಲೆ ತಂಪಾಗಿಡುವ ಎಣ್ಣೆಯದೊಂದು ಬಾಟಲಿ ಕೊಟ್ಟರು: "ನಿಮಗಲ್ಲಮ್ಮ, ಅವರಿಗೆ."

ಸ್ಟಾಫ್ ರೂಮಿನ ವಿಮರ್ಶೆ

ಸ್ಟುಡಿಯೋ ಸಿದ್ಧವಾಯಿತು. ಪರೀಕ್ಷೆಗೆಂದು ನಾನೇ ಒಂದು ಭಾವಗೀತೆ ಹಾಡಿ, ಸಿಡಿ ಮಾಡಿ, ಎದೆಯುಬ್ಬಿಸಿಕೊಂಡು ಸ್ಟಾಫ್ ರೂಮಿನಲ್ಲಿ ಹಾಕಿದೆ. ಆ ಮೈಕು ಎಷ್ಟು ಸೂಕ್ಷ್ಮವೆಂದರೆ, ಮೂರು ಗೋಡೆ ಆಚೆ ಅಡುಗೆಮನೆಯ ಕುಕ್ಕರನ್ನೂ ಹಿಡಿದುಬಿಟ್ಟಿತ್ತು. ಎಲ್ಲರೂ ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿಯಿತು.

ಹೆಡ್ಮಾಸ್ಟರು ಕಣ್ಣು ಬಿಟ್ಟು, "ಬೇಳೆ ಹದವಾಗಿ ಬೆಂದಿದೆ ಮೇಷ್ಟ್ರೇ" ಅಂದರು. "ಹಾಡು ಇನ್ನೊಂದು ಸೀಟಿ ಬೇಡ್ತಿತ್ತು."

ಹಾಡಿನ ಮಾತು ಬಿಡಿ. ಕುಕ್ಕರಿನ ಸೀಟಿಯೇ ಅಷ್ಟು ಚೆನ್ನಾಗಿ ಬಂದಿದ್ದರೆ ದೊಡ್ಡಮ್ಮನ ದನಿ ಹೇಗೆ ಬಂದೀತು ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಕಿವಿ ಮುಚ್ಚಿ ಹೇಳಿದ ಗುಟ್ಟು

ದೊಡ್ಡಮ್ಮನನ್ನು ಒಪ್ಪಿಸಲು ಊರಿಗೆ ಹೋದೆ. ಆ ಹೊತ್ತಿಗೆ ನನ್ನ ಜೇಬಿನಲ್ಲಿ ಬೆಂಕಿಪೊಟ್ಟಣದಷ್ಟು ಚಿಕ್ಕ ಎಂಪಿತ್ರೀ ಪ್ಲೇಯರ್ ಇತ್ತು. ಇಯರ್‌ಫೋನನ್ನು ಅವಳ ಎರಡೂ ಕಿವಿಗೆ ಸಿಕ್ಕಿಸಿ ಒಂದು ನಾದಸ್ವರ ಹಾಕಿದೆ. ಅವಳ ಮುಖ ಅರಳಿತು. ಆದರೆ ಕಿವಿಯೊಳಗೆ ಅಷ್ಟು ಸದ್ದು ತುಂಬಿಕೊಂಡವರಿಗೆ ತಮ್ಮ ದನಿ ತಮಗೆ ಕೇಳಿಸುವುದಿಲ್ಲ. ದೊಡ್ಡಮ್ಮ ನನ್ನ ಪಕ್ಕಕ್ಕೆ ಸರಿದು, ಬಾಯಿಗೆ ಸೆರಗು ಅಡ್ಡ ಹಿಡಿದು, ಪಿಸುಗುಟ್ಟುತ್ತಿದ್ದೇನೆ ಎಂದುಕೊಂಡು ಊರಿಗೇ ಕೇಳುವಂತೆ ಹೇಳಿದಳು:

"ನಿಂಗೊಬ್ನಿಗೇ ಏಳ್ತೀನಿ ಕಣ್ಲಾ, ಯಾರ್ಗೂ ಏಳ್ಬ್ಯಾಡ. ನನ್ ಸೊಸೆ ಸಾರು ಅಂತ ಮಾಡ್ತಾಳಲ್ಲ, ಅದ್ರಲ್ಲಿ ಮಖ ನೋಡ್ಕಂಡು ತಲೆ ಬಾಚ್ಕಬೌದು! ಆದ್ರೂ ನಾನು ಇವತ್ತಿನ್ ಗಂಟ ಬಾಯ್ಬುಟ್ಟಿಲ್ಲ!"

ಒಳಗೆ ಪಾತ್ರೆಯ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದು ನಿಂತು, ದೊಡ್ಡಮ್ಮನ ಕಿವಿಯಿಂದ ಇಯರ್‌ಫೋನನ್ನು ತಾನೇ ಮೆಲ್ಲಗೆ ತೆಗೆದು ಕೇಳಿದಳು: "ಬಾಚಣ್ಗೆ ತಂದ್ಕೊಡ್ಲಾ ಅತ್ತೆಮ್ಮ?"

ಹಸೆಯ ಮೇಲೆ

ದೊಡ್ಡಮ್ಮ ಹಾಸನಕ್ಕೆ ಬರಲು ಒಪ್ಪಿದಳು, ಪದ ಹೇಳಲು ಮಾತ್ರ ಒಪ್ಪಲಿಲ್ಲ.

"ಮದ್ವೆ ಇಲ್ದೆ ಸೋಬಾನೆ ಏಳಂಗಿಲ್ಲ ಕಣ್ಲಾ. ಅಸೆ ಮ್ಯಾಲೆ ಜೋಡಿ ಕುಂತಿರ್ಬೇಕು. ಬರೀ ಮಣೆಗೆ ಪದ ಏಳಿದ್ರೆ ಮನೆಗೆ ಒಳ್ಳೇದಾಯ್ತದಾ?"

ನಮ್ಮ ಮನೆಯಲ್ಲಿ ಮದುವೆ ವಯಸ್ಸಿನವರು ಯಾರೂ ಇಲ್ಲ. ಮಗಳಿನ್ನೂ ಎಂಟನೇ ಕ್ಲಾಸು. ಛತ್ರಕ್ಕೆ ಹೋಗಿ ಹಿಡಿಯೋಣವೆಂದರೆ ಮತ್ತದೇ ಮೈಕ್‌ಸೆಟ್ಟು. ಯೋಚಿಸಿ ಯೋಚಿಸಿ ಹೇಳಿದೆ: "ನಾನು, ನನ್ನ ಹೆಂಡ್ತಿ ಕೂತ್ಕೋತೀವಿ. ಆಗುತ್ತಾ?"

ದೊಡ್ಡಮ್ಮ ಬಹಳ ಹೊತ್ತು ಎಲೆ ಅಡಿಕೆ ಅಗಿದು ತೀರ್ಪು ಕೊಟ್ಟಳು: "ಗಂಡ ಎಡ್ತಿ ಅಲ್ವಾ, ದೋಸ ಇಲ್ಲ. ಆದ್ರೆ ಎಲ್ಲಾ ಕ್ರಮವಾಗ್ ಆಗ್ಬೇಕು."

"ಕ್ರಮ ಅಂದ್ಮೇಲೆ ಸೀರೆನೂ ಹೊಸದೇ ಆಗ್ಬೇಕು" ಎಂದು ನನ್ನ ಹೆಂಡತಿ ಸೇರಿಸಿದಳು. ಸೀರೆ ಬಂತು. ಬಾಗಿಲಿಗೆ ಮಾವಿನ ಸೊಪ್ಪು ಬಂತು.

ಒಂದು ಭಾನುವಾರ ಬೆಳಿಗ್ಗೆ ಮೊಟ್ಟೆ ಟ್ರೇಗಳ ನಡುವೆ ನಾವಿಬ್ಬರೂ ಹಸೆಯ ಮೇಲೆ ಕೂತೆವು. ನನ್ನ ಮೈಗೆಲ್ಲ ಅರಿಶಿನ, ಹಣೆಗೆ ಬಾಸಿಂಗ. ಹೆಂಡತಿಗೆ ಹೊಸ ಸೀರೆ, ಮುಖದವರೆಗೆ ಎಳೆದ ಸೆರಗು. ಎದುರಿಗೆ ದೊಡ್ಡಮ್ಮ, ಸೊಲ್ಲು ಹಿಡಿಯಲು, ಅಂದರೆ ಹಿಂದೆ ದನಿಗೂಡಿಸಲು, ಅದೇ ಸೊಸೆ. ನನ್ನ ನಿಯಮ ಒಂದೇ: ರೆಕಾರ್ಡಿಂಗ್ ಆಗುವಾಗ ಯಾರೂ ಪಿಟ್ಟೆನ್ನಕೂಡದು. ದೊಡ್ಡಮ್ಮನ ನಿಯಮವೂ ಒಂದೇ: ಎತ್ತಿದ ಪದವನ್ನು ನಡುವೆ ನಿಲ್ಲಿಸಕೂಡದು.

ಅರಿಶಿನದ ಪದ ಆಯಿತು. ಹಸೆಗೆ ಕರೆಯುವ ಪದ ಆಯಿತು. ಎಂಥ ದನಿ! ನನಗೆ ಮೈ ಜುಮ್ಮೆಂದಿತು. ಧಾರೆಯ ಪದ ಶುರುವಾಯಿತು. ಆಗ ಕೋಣೆಯ ಬಾಗಿಲು ತೆರೆಯಿತು. ಚಿಲಕದ ಮೇಲೂ ಟ್ರೇ ಅಂಟಿಸಿದ್ದರಿಂದ ಒಳಗಿನಿಂದ ಚಿಲಕ ಹಾಕಿರಲಿಲ್ಲ. ಬಾಗಿಲಲ್ಲಿ ಶಿರಸ್ತೇದಾರರು. ಸೋಬಾನೆ ಕೇಳಿ, ಮಾವಿನ ಸೊಪ್ಪು ನೋಡಿ, ಏನು ವಿಶೇಷ ಎಂದು ವಿಚಾರಿಸಲು ಬಂದಿದ್ದರು. ಅವರು ಬಾಸಿಂಗ ಕಟ್ಟಿದ ನನ್ನನ್ನು ನೋಡಿದರು. ಪಕ್ಕದಲ್ಲಿ ಮುಖ ಮುಚ್ಚಿ ಕೂತ, ಎಂದೂ ಕಾಣದ ಸೀರೆಯ ಹೆಣ್ಣನ್ನು ನೋಡಿದರು. ಅವರ ಮುಖ ಬಿಳಿಚಿಕೊಂಡಿತು.

ನಾನು ತುಟಿಯ ಮೇಲೆ ಬೆರಳಿಟ್ಟು, ಕೈ ಮುಗಿದು, ಮಾತಾಡಬೇಡಿ ಎಂದು ಸನ್ನೆ ಮಾಡಿದೆ. ಯಾರಿಗೂ ಹೇಳಬೇಡಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆಂದು ಅವರು ತಿಳಿದರು.

"ಗುಟ್ಟಾಗಿ ಬೇರೆ ಇಡ್ಬೇಕಾ? ನಿಲ್ಲಿಸಿ ಈ ಮದುವೇನ! ಈ ಗಂಡಿಗೆ ಆಗಲೇ ಒಬ್ಬಳು ಹೆಂಡತಿ ಇದಾಳೆ! ಎಂಟನೇ ಕ್ಲಾಸಿಗೆ ಹೋಗೋ ಮಗಳಿದಾಳೆ! ಆ ಮಹಾತಾಯಿ ಇವನ ಹುಚ್ಚು ಸಹಿಸ್ಕೊಂಡು ಬಾಳ್ತಿದಾಳೆ! ಏಳಮ್ಮ, ನಿನಗೇನಮ್ಮ ಕಡಿಮೆ, ಇಂಥವನೇ ಬೇಕಿತ್ತಾ?"

ನನ್ನ ಹೆಂಡತಿ ಸೆರಗಿನೊಳಗೆ ನಗು ತಡೆದುಕೊಂಡು ಗದಗದ ನಡುಗುತ್ತಿದ್ದಳು. "ನೋಡಿ, ಪಾಪ, ಅಳ್ತಿದಾಳೆ!" ಎಂದರು ಶಿರಸ್ತೇದಾರರು. ದೊಡ್ಡಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ. ಪದ ಪೂರ್ತಿ ಹೇಳಿ, ಮುಗಿಸಿದ ಮೇಲೆಯೇ ಉಸಿರು ತೆಗೆದುಕೊಂಡಳು. ಆಗ ಹೆಂಡತಿ ಸೆರಗು ಸರಿಸಿ, "ಕಾಫಿ ಕುಡೀತೀರಾ?" ಎಂದಳು. ಶಿರಸ್ತೇದಾರರು ಅಲ್ಲೇ ಮೊಟ್ಟೆ ಟ್ರೇಗೆ ಒರಗಿ ಕೂತರು.

ಆ ಒಂದು ಪದವನ್ನು ಇನ್ನೊಮ್ಮೆ ಹೇಳು ಎಂದು ದೊಡ್ಡಮ್ಮನ ಕಾಲು ಹಿಡಿದೆ.

"ಇವ್ಳಿಗೆ ಧಾರೆ ಆಯ್ತು. ಇನ್ನೊಂದ್ಸಲ ಏಳ್ಬೇಕು ಅಂದ್ರೆ ಇನ್ನೊಬ್ಳನ್ನ ಕರ್ಕಂಡ್ ಬಾ" ಅಂದಳು.

ಚನ್ನರಾಯಪಟ್ಟಣದ ಛತ್ರ

ಮೂರನೇ ಪದವನ್ನು ಅಳಿಸಲು ಮನಸ್ಸು ಬಾರದೆ ಹಾಗೇ ಉಳಿಸಿ, ಸಿಡಿ ಮಾಡಿ ಇಟ್ಟುಕೊಂಡೆ. ಎರಡು ವರ್ಷ ಕಳೆದು ದೊಡ್ಡಮ್ಮನ ಮೊಮ್ಮಗನ ಮದುವೆ ಚನ್ನರಾಯಪಟ್ಟಣದ ಛತ್ರದಲ್ಲಿ ನಡೆಯಿತು. ಹೆಣ್ಣು ಆ ಕಡೆಯದು. ಅಷ್ಟು ಹೊತ್ತಿಗೆ ದೊಡ್ಡಮ್ಮನಿಗೆ ದನಿ ಏಳುತ್ತಿರಲಿಲ್ಲ. ನಾಲ್ಕು ಸೊಲ್ಲು ಹೇಳುವಷ್ಟರಲ್ಲಿ ಕೆಮ್ಮು ಬರುತ್ತಿತ್ತು. ಮೊಮ್ಮಗನ ಮದುವೆಗೆ ತನ್ನ ಪದ ಇಲ್ಲವಲ್ಲ ಎಂದು ಅವಳು ಹಿಂದಿನ ದಿನದಿಂದ ಮಂಕಾಗಿದ್ದಳು. "ನಿನ್ನ ಪದ ಇಲ್ದೆ ಮದುವೆ ಆಗಲ್ಲ, ಸುಮ್ನಿರು" ಎಂದು ಹೇಳಿ ನಾನು ಸಿಡಿಯನ್ನು ಮೈಕ್‌ಸೆಟ್ಟಿನವನಿಗೆ ಕೊಟ್ಟೆ. "ಎರಡು ಪದ ಹಾಕಿ ನಿಲ್ಲಿಸಪ್ಪ. ಮೂರನೇದು ಬೇಡ" ಎಂದು ಕಟ್ಟುನಿಟ್ಟಾಗಿ ಹೇಳಿದೆ.

ಗಂಡು ಹೆಣ್ಣು ಹಸೆಗೆ ಬಂದರು. ದೊಡ್ಡ ಪೆಟ್ಟಿಗೆಗಳಿಂದ ದೊಡ್ಡಮ್ಮನ ದನಿ ಎದ್ದಿತು. ಮುಂದಿನ ಸಾಲಿನಲ್ಲಿ ಕೂತ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿದಳು. ನಾನಂತೂ ಆ ಛತ್ರವನ್ನು ನಾನೇ ಕಟ್ಟಿಸಿದವನಂತೆ ನಿಂತಿದ್ದೆ. ಮೈಕ್‌ಸೆಟ್ಟಿನವನು ಉಪ್ಪಿಟ್ಟಿಗೆ ಹೋಗಿದ್ದು ನನಗೆ ಗೊತ್ತಾಗಲಿಲ್ಲ. ಧಾರೆಯ ಪದ ಶುರುವಾಯಿತು. ನಾನು ಓಡುವಷ್ಟರಲ್ಲಿ ನಾಲ್ಕೂ ಮೂಲೆಯ ಪೆಟ್ಟಿಗೆಗಳು ಗುಡುಗಿದವು:

"ನಿಲ್ಲಿಸಿ ಈ ಮದುವೇನ! ಈ ಗಂಡಿಗೆ ಆಗಲೇ ಒಬ್ಬಳು ಹೆಂಡತಿ ಇದಾಳೆ! ಎಂಟನೇ ಕ್ಲಾಸಿಗೆ ಹೋಗೋ ಮಗಳಿದಾಳೆ!"

ಹೆಣ್ಣಿನ ಸೋದರಮಾವ ಹೆಗಲ ಟವೆಲ್ಲು ಸೊಂಟಕ್ಕೆ ಬಿಗಿದ. ಹೆಣ್ಣು ಹಸೆಯಿಂದ ಅರ್ಧ ಎದ್ದಳು. ಇಪ್ಪತ್ತಾರು ವರ್ಷದ ಮದುಮಗ ಬೆವೆತು, "ಎಂಟನೇ ಕ್ಲಾಸಾ? ನಾನಲ್ಲ ಮಾವ, ನಿಮ್ಮಾಣೆ ನಾನಲ್ಲ!" ಎಂದು ಅಳುವಂತಾದ.

ನಾನು ವೇದಿಕೆ ಹತ್ತಿ ಕೂಗಿದೆ: "ಅವನಲ್ಲ! ಆ ಗಂಡು ನಾನು! ಎರಡು ಸಲ ಮದುವೆ ಆದವನು ನಾನು!"

ಛತ್ರದ ಅಷ್ಟೂ ತಲೆಗಳು ನನ್ನ ಹೆಂಡತಿಯ ಕಡೆಗೆ ತಿರುಗಿದವು. ಅವಳು ಎದ್ದು ನಿಂತು ಹೇಳಿದಳು: "ಹೌದು, ಎರಡೂ ಸಲ ನನ್ನನ್ನೇ ಆಗಿದ್ದು. ಎರಡನೇ ಸಲ ಬರೀ ಹಾಡಿಗೋಸ್ಕರ."

ಸೋದರಮಾವನಿಗೆ ವಿಷಯ ಅರ್ಥವಾಗಿ ನಗು ಶುರುವಾಗುವ ಹೊತ್ತಿಗೆ ಮೈಕ್‌ಸೆಟ್ಟಿನವನು ಓಡಿ ಬಂದು ಸಿಡಿ ನಿಲ್ಲಿಸಲು ಕೈ ಹಾಕಿದ. ಮುಂದಿನ ಸಾಲಿನಿಂದ ದೊಡ್ಡಮ್ಮ ಕೋಲೆತ್ತಿ, ಇದ್ದಬದ್ದ ದನಿಯಲ್ಲೆಲ್ಲ ಗದರಿದಳು:

"ಕೈ ತಗೀಲಾ! ಅವನು ಅಷ್ಟು ಬಾಯ್ ಬಡ್ಕಂಡ್ರೂ ನಾನು ಒಂದ್ ಸೊಲ್ಲೂ ತಪ್ಪಿಲ್ಲ, ನೀನ್ಯಾವನ್ಲಾ ನಿಲ್ಸಕೆ?"

ಪದ ಪೂರ್ತಿ ಮುಗಿದ ಮೇಲೆಯೇ ಧಾರೆ ಎರೆದರು.